ಹಿಲ್ಯಾ ಮುಮ್ಮು ಕಿವಿಗೊಟ್ಟ ಬಂದೂಕು

ನವೆಂಬರ್ ಹದಿನೈದಕ್ಕೆ ಇನ್ನು ನಾಲ್ಕೇ ದಿನ ಉಳಿದಿದ್ದಾಗ ಸೈಮಾ ತನ್ನ ಹೊಸ ಬಂದೂಕನ್ನು ಮಗುವಿನ ಕಂಬಳಿಯಲ್ಲಿ ಸುತ್ತಿಕೊಂಡು ಹಿಲ್ಯಾ ಮುಮ್ಮುವಿನ ಮನೆಗೆ ಹೋದಳು. ಅದರ ಚೀಲದ ಜಿಪ್ಪು ಹಿಮಕ್ಕೆ ಹಿಡಿದುಕೊಂಡಿತ್ತು. ಒಂದು ಕಂಕುಳಲ್ಲಿ ಎಂಟು ತಿಂಗಳ ಓಲಿ, ಇನ್ನೊಂದರಲ್ಲಿ ಬಂದೂಕು. ಎರಡರಲ್ಲಿ ಯಾವುದು ಹೆಚ್ಚು ಹಟಮಾರಿ ಎಂದು ಕೇಳಿದ್ದರೆ ಆ ದಿನ ಅವಳು ಯೋಚಿಸಬೇಕಾಗುತ್ತಿತ್ತು.

ಹದಿನೈದು ಜಿಂಕೆ ಬೇಟೆ ಶುರುವಾಗುವ ದಿನ. ಅವರ ಊರು ಕುಸಿಲಾದಲ್ಲಿ ಅದು ಯಾವ ವಾರ ಬಂದರೂ ಶಾಲೆಗೆ ರಜೆ. ಸೈಮಾಳಿಗೆ ಇದ್ದದ್ದು ಹದಿನೈದು ಮತ್ತು ಹದಿನಾರು, ಎರಡೇ ದಿನ. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಅತ್ತೆ ಡಾರ್ಲೀನ್ ಓಲಿಯನ್ನು ನೋಡಿಕೊಳ್ಳಲು ಆ ಎರಡು ದಿನಕ್ಕಷ್ಟೇ ರಜೆ ಹಾಕಿದ್ದರು. ಗಂಡ ಕೈಲ್ ಅದಿರು ಸಾಗಿಸುವ ಹಡಗಿನಲ್ಲಿದ್ದ. ಸರೋವರ ಹೆಪ್ಪುಗಟ್ಟಿ ಹಡಗುಗಳು ನಿಲ್ಲುವ ಜನವರಿಯವರೆಗೆ ಅವನು ಮನೆಗೆ ಬರುವ ಹಾಗಿಲ್ಲ. ಹಿಂದಿನ ಚಳಿಗಾಲದಲ್ಲಿ ಒಂದು ಜಿಂಕೆಯ ಮಾಂಸ ಏಪ್ರಿಲ್‌ವರೆಗೆ ಬಂದಿತ್ತು. ಈಗ ಹಿಂದಿನ ಜಗಲಿಯ ಫ್ರೀಜರಿನಲ್ಲಿ ಎರಡು ಪೊಟ್ಟಣ ಕಾಡುಹಣ್ಣು, ಒಂದು ಮೀನು, ಮಿಕ್ಕಿದ್ದೆಲ್ಲ ಮಂಜು.

ಬಂದೂಕು ಕೈಲ್ ಹೊರಡುವ ಮುಂಚೆ ತಂದುಕೊಟ್ಟದ್ದು. ಹಿಂದಿನ ವರ್ಷ ಹಿಮದಲ್ಲಿ ಬಿದ್ದು ಸೈಮಾಳ ಬಲಭುಜ ಮುರಿದಿತ್ತು. ಪ್ರತಿ ಗುಂಡಿಗೂ ಹಿಂಬದಿಯ ಬೋಲ್ಟನ್ನು ಕೈಯಿಂದ ಎಳೆದು ತೋಟಾ ತುಂಬಬೇಕಾದ ಹಳೆಯ ಬಂದೂಕು ಅವಳಿಗೆ ಆಗುತ್ತಿರಲಿಲ್ಲ. ಇದು ಹಾಗಲ್ಲ: ಒಂದು ಗುಂಡು ಹಾರಿದರೆ ಮುಂದಿನ ತೋಟಾವನ್ನು ತಾನೇ ಎತ್ತಿ ನಳಿಗೆಗೆ ತುಂಬಿಕೊಳ್ಳುತ್ತದೆ, ಭುಜಕ್ಕೆ ಒದೆಯುವುದೂ ಕಡಿಮೆ. ತುಂಬಿಕೊಳ್ಳಬೇಕಾಗಿತ್ತು, ಆದರೆ ತುಂಬಿಕೊಳ್ಳುತ್ತಿರಲಿಲ್ಲ. ಮೂರಕ್ಕೊಂದು ಸಲ ತೋಟಾ ಅರ್ಧದಾರಿಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ಬಂದೂಕು ಬಾಯಿ ತೆರೆದು ನಿಂತುಬಿಡುತ್ತಿತ್ತು. ಅಂಗಡಿಯವನು, "ಹೊಸದಲ್ವಾ, ಎರಡು ಪೆಟ್ಟಿಗೆ ಹಾರಿಸಿ, ಸಡಿಲ ಆಗುತ್ತೆ" ಎಂದಿದ್ದ. ಹಾರಿಸಿದಳು. ಇನ್ನೂ ಕೆಟ್ಟಿತು. ವಾಪಸ್ ಕಳಿಸಿದರೆ ಆರು ವಾರ.

ಹಿಲ್ಯಾ ಊರಿಗೆಲ್ಲ ಮುಮ್ಮು, ಅಜ್ಜಿ. ಎಪ್ಪತ್ತೊಂಬತ್ತು ವರ್ಷ. ಜಿಂಕೆ ಚರ್ಮದ ಕೈಗವಸು ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡಿದವಳು. ಕಾರ್ಖಾನೆ ಮುಚ್ಚಿದ ವರ್ಷ ಅವಳ ಗಂಡ ಆರ್ವೋನ ಬಂದೂಕು ಕೆಟ್ಟಿತು. ಬಿಚ್ಚಿ ನೋಡಿ, "ಅಲ್ಲಿ ಬಟ್ಟೆ ಮುಂದಕ್ಕೆ ಹೋಗ್ತಿತ್ತು, ಇಲ್ಲಿ ತೋಟಾ ಹೋಗುತ್ತೆ. ಇಷ್ಟೇ ತಾನೆ?" ಎಂದಳಂತೆ. ಅಂದಿನಿಂದ ಬೇಟೆಯ ಕಾಲ ಹತ್ತಿರ ಬಂತೆಂದರೆ ಅವಳ ಷೆಡ್ಡಿನ ಮುಂದೆ ಗಾಡಿಗಳು ನಿಲ್ಲತೊಡಗಿದವು. ಆರು ವರ್ಷದಿಂದ ಮಾತ್ರ ಅವಳ ಕಣ್ಣಿನ ನಡುಭಾಗ ಮಸುಕಾಗಿತ್ತು. ಯಾವುದನ್ನು ನೆಟ್ಟು ನೋಡುತ್ತಾಳೋ ಅದೇ ಕಾಣುವುದಿಲ್ಲ, ಅದರ ಸುತ್ತಲಿನದು ಕಾಣುತ್ತದೆ. ಅದಕ್ಕೇ ಅವಳದೊಂದು ಕರಾರು: ಬಂದೂಕು ತಂದವರು ಬಿಟ್ಟು ಹೋಗುವಂತಿಲ್ಲ. ಪಕ್ಕದಲ್ಲಿ ಕೂತು ಕಣ್ಣಾಗಬೇಕು.

"ಯಾರದು? ಹೆಜ್ಜೆ ಎರಡು, ಉಸಿರು ಮೂರು," ಎಂದಳು ಮುಮ್ಮು ಬಾಗಿಲಲ್ಲೇ.

"ನಾನು ಮುಮ್ಮು, ಸೈಮಾ. ಓಲಿನೂ ಬಂದಿದಾನೆ. ಮೂರನೇ ಉಸಿರು ಯಾರದು?"

"ಹಿಂದ್ಗಡೆ ನೋಡು."

ಹಿಂದೆ ಮುಮ್ಮುವಿನ ಮುದಿ ನಾಯಿ ನಿಂತಿತ್ತು. ಅದು ಬಂದದ್ದು ಸೈಮಾಳಿಗೆ ಗೊತ್ತೇ ಆಗಿರಲಿಲ್ಲ.

ಓಲಿಯನ್ನು ಬಟ್ಟೆಯ ಬುಟ್ಟಿಯಲ್ಲಿ ಕೂರಿಸಿ, ಕೈಗೊಂದು ಏಲಕ್ಕಿ ಬ್ರೆಡ್ಡಿನ ತುಂಡು ಕೊಟ್ಟಾಯಿತು. ಸೈಮಾ ತೋಟಾಗಳು ಕೂರುವ ಮ್ಯಾಗಜೀನ್ ತೆಗೆದು, ನಳಿಗೆ ಖಾಲಿಯಿದೆಯೆಂದು ಎರಡು ಸಲ ನೋಡಿ, ಬಂದೂಕನ್ನು ಮೇಜಿನ ಮೇಲಿಟ್ಟಳು. ಮುಮ್ಮು ಕಿರುಬೆರಳು ತೂರಿಸಿ ಮೂರನೇ ಸಲ ನೋಡಿದಳು. ಆಮೇಲೆ ಅದನ್ನು ಎತ್ತಿಕೊಂಡು ಸೀದಾ ಹೊರಗೆ ಹೋಗಿ ಜಗಲಿಯ ಮೊಳೆಗೆ ನೇತುಹಾಕಿ ಬಂದಳು.

"ಮುಮ್ಮು, ಹೊರಗಡೆ ಹೆಪ್ಪುಗಟ್ಟೋ ಚಳಿ!"

"ನೀನು ಬೇಟೆ ಆಡೋದು ಅಡುಗೆಮನೇಲಾ? ರೋಗ ಚಳೀಲಿದೆ. ಔಷಧಿ ಒಲೆ ಮುಂದೆ ಹುಡುಕಿದ್ರೆ ಸಿಗಲ್ಲ. ಕಾಫಿ ಕುಡಿ."

ಒಂದು ತಾಸು ಕಾಫಿ, ಊರಿನ ಸುದ್ದಿ, ಓಲಿಯ ಹಲ್ಲಿನ ವಿಚಾರ. ಬಂದೂಕು ಒಳಗೆ ಬಂದಾಗ ಮುಟ್ಟಿದರೆ ಬೆರಳು ಅಂಟುವಷ್ಟು ತಣ್ಣಗಿತ್ತು. ಮುಮ್ಮು ಬೋಲ್ಟನ್ನು ಹಿಂದಕ್ಕೆಳೆದು ಬಿಟ್ಟಳು, ಕಣ್ಣು ಮುಚ್ಚಿ. ಮತ್ತೆ ಎಳೆದಳು, ಬಿಟ್ಟಳು.

"ಕೇಳಿಸ್ತಾ?"

"ಏನು?"

"ಓಡ್ತಾ ಇಲ್ಲ, ನಡೀತಾ ಇದೆ. ಊಟ ಜಾಸ್ತಿ ಆದ ಪಾದ್ರಿ ಥರ."

ಒಳಗೆಲ್ಲ ತುಕ್ಕು ಹಿಡಿಯದಿರಲೆಂದು ಬಳಿದ ದಪ್ಪ ಎಣ್ಣೆ ಹಾಗೇ ಇತ್ತು. ಹೊಸದೆಂದರೆ ಶುಚಿಯಾಗಿಯೇ ಇರುತ್ತದೆ ಎಂದುಕೊಂಡು ಸೈಮಾ ಒಂದು ಸಲವೂ ಬಿಚ್ಚಿ ಒರೆಸಿರಲಿಲ್ಲ. ಬೆಚ್ಚಗಿನ ಅಂಗಡಿಯಲ್ಲಿ ಅದು ಎಣ್ಣೆ, ಹಿಮದಲ್ಲಿ ಅಂಟು. ಮುಮ್ಮು ಹೇಳಿದ ಹಾಗೆ ಸೈಮಾ ಎಲ್ಲವನ್ನೂ ಒರೆಸಿ ತೆಗೆದಳು. ಅದರ ಬದಲಿಗೆ ಮುಮ್ಮು ಕೊಟ್ಟದ್ದು ಹೊಲಿಗೆ ಯಂತ್ರದ ಎಣ್ಣೆ, ನೀರಿನಂಥದ್ದು, ಎಣಿಸಿ ನಾಲ್ಕು ಹನಿ. ಮತ್ತೆ ಜಗಲಿ, ಮತ್ತೆ ತಾಸು. ಈ ಸಲ ಬೋಲ್ಟು ಬಿಟ್ಟಾಗ ಬಂದ ಸದ್ದು ಸೈಮಾಳಿಗೂ ತಿಳಿಯಿತು. ಚಕ್, ಟಪ್. ಚಿಕ್ಕದು, ಗಟ್ಟಿಯಾದದ್ದು.

"ಸರಿಹೋಯ್ತು!" ಎಂದಳು ಸೈಮಾ.

"ಒಂದು ಸರಿಹೋಯ್ತು. ಒಂದರ ಹಿಂದೆ ಇನ್ನೊಂದು ಬಚ್ಚಿಟ್ಟುಕೊಂಡಿರುತ್ತೆ, ಮಕ್ಕಳ ಥರ."

ಮುಮ್ಮು ಡಬ್ಬಿಯಿಂದ ಮದ್ದಿಲ್ಲದ ಹುಸಿ ತೋಟಾಗಳನ್ನು ತೆಗೆದಳು. ನಾಲ್ಕನ್ನು ಮ್ಯಾಗಜೀನಿಗೆ ತುಂಬಿ ಬೋಲ್ಟು ಎಳೆದರೆ, ಮೇಲಿನ ಮೊದಲನೆಯದೇ ಅಡ್ಡ ಬಿತ್ತು. ಉಳಿದ ಮೂರು ಸಲೀಸಾಗಿ ಒಳಗೆ ಹೋದವು. ಮತ್ತೆ ನಾಲ್ಕು. ಮತ್ತೆ ಮೊದಲನೆಯದೇ. ಸೈಮಾ ಮೂಗೆಳೆದುಕೊಂಡಳು. ಜಿಂಕೆಗೆ ಬೇಕಾದ್ದೇ ಮೊದಲನೆಯ ಗುಂಡು ಅಲ್ಲವೇ?

"ಅಳಬೇಡ, ಎಣ್ಣೆ ಮೇಲೆ ನೀರು ಬೀಳುತ್ತೆ," ಎಂದಳು ಮುಮ್ಮು. ಹೊಲಿಗೆಯವರು ಬಟ್ಟೆ ಮೇಲೆ ಗೀರು ಎಳೆಯುವ ನೀಲಿ ಸುಣ್ಣದ ಬಿಲ್ಲೆಯನ್ನು ಹುಡುಕಿ ತೋಟಾದ ಮೂತಿಗೆಲ್ಲ ಉಜ್ಜಿದಳು. "ಈಗ ನೀನು ಕಣ್ಣು. ಅದು ಸಿಕ್ಕಿಕೊಂಡಾಗ ನೀಲಿ ಎಲ್ಲಿ ಹತ್ತಿದೆ ಹೇಳು. ಊಹೆ ಮಾಡಬೇಡ. ನೋಡಿದ್ದು ಹೇಳು."

ಸೈಮಾ ಬಗ್ಗಿ ಟಾರ್ಚ್ ಬಿಟ್ಟಳು. "ನಳಿಗೆ ಬಾಯಿಯ ಎಡಗಡೆ ಅಂಚಲ್ಲಿ."

"ಬಲಗಡೆ?"

"ಏನೂ ಇಲ್ಲ. ಹೊಳೀತಿದೆ."

ಮುಮ್ಮು ಬಂದೂಕು ಬಿಟ್ಟು ಮ್ಯಾಗಜೀನನ್ನು ಅಂಗೈಯಲ್ಲಿಟ್ಟುಕೊಂಡಳು. ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಮೇಲೆ ತೋಟಾವನ್ನು ಅಂಕೆಯಲ್ಲಿಡುವ ತುಟಿಯಂಥ ಎರಡು ಅಂಚು. ಅವಳ ಹೆಬ್ಬೆರಳು ಎಡತುಟಿಯ ಮೇಲೆ ಒಂದು ಸಲ ಹೋಯಿತು, ಬಲತುಟಿಯ ಮೇಲೆ ಒಂದು ಸಲ ಬಂತು. ಸೂಜಿಗಳ ಪುಟ್ಟ ಡಬ್ಬಿಯಿಂದ ಒಂದು ದಪ್ಪ ಸೂಜಿಯನ್ನು ನೋಡದೆಯೇ ಆರಿಸಿ, ಮೇಲಿದ್ದ ತೋಟಾಕ್ಕೂ ಬಲತುಟಿಗೂ ನಡುವೆ ತೂರಿಸಿದಳು. ಹೋಗಲಿಲ್ಲ. ಎಡಗಡೆ ಸರ್ರನೆ ಹೋಯಿತು. ಕೂದಲಿನಷ್ಟು ವ್ಯತ್ಯಾಸ. ಟಾರ್ಚ್ ಬಿಟ್ಟುಕೊಂಡು ನೋಡಿದರೂ ಸೈಮಾಳಿಗೆ ಅದು ಕಾಣುತ್ತಿರಲಿಲ್ಲ. ಆ ಬೆರಳಿಗೆ ಕಂಡಿತ್ತು. ಅವಳು ಆ ಕೈಯನ್ನೇ ನೋಡುತ್ತ ಕೂತಳು: ಗೆಣ್ಣುಗಳು ಶುಂಠಿಯಂತೆ ಊದಿಕೊಂಡಿದ್ದವು, ತೋರುಬೆರಳಿಗೆ ಯಂತ್ರದ ಸೂಜಿ ಹೊಕ್ಕು ಹೊರಬಂದ ಹಳೆಯ ಕಲೆ. ಇಂಥ ಕೈಯ ಮುಂದೆ ಉಸಿರು ಬಿಡಲೂ ಸಂಕೋಚವಾಯಿತು.

"ಹುಡುಗೀ," ಎಂದಳು ಮುಮ್ಮು ಮೆಲ್ಲಗೆ, "ಹೋದ ಶನಿವಾರ ಇದನ್ನ ಎಲ್ಲಿಟ್ಟಿದ್ದೆ?"

ಓಲಿ ಬ್ರೆಡ್ಡನ್ನು ನಾಯಿಗೆ ಕೊಟ್ಟ.

"ಸೌನಾದಲ್ಲಿ," ಎಂದಳು ಸೈಮಾ ಕೊನೆಗೆ. ಶನಿವಾರ ಸಂಜೆ ಊರಿನ ಪ್ರತಿ ಮನೆಯವರೂ ಬೆವರಲು ಕೂರುವ ಆ ಮರದ ಬಿಸಿಗೂಡಿನಲ್ಲಿ, ಒಲೆ ಆರುವ ಮುಂಚೆ, ಒದ್ದೆಯಾದದ್ದನ್ನೆಲ್ಲ ಒಣಗಿಸುವುದು ಅವರ ಮುತ್ತಜ್ಜಿಯರ ಕಾಲದ ರೂಢಿ.

"ಯಾವ ಮೆಟ್ಟಿಲ ಮೇಲೆ?"

"ಮೇಲಿಂದು. ಹಿಮದಲ್ಲಿ ನೆನೆದಿತ್ತು ಮುಮ್ಮು. ಬಂದೂಕು ಹೊರಕೋಣೇಲಿ ಒರಗಿಸಿದ್ದೆ. ಇದನ್ನ ಮಾತ್ರ, ತೋಟಾ ತೆಗೆದು, ಕೈಗವಸು ಜೊತೆ ಮೇಲಿಟ್ಟೆ. ಇದರ ಮೇಲೆ... ನಾನು ಹಾಕ್ಕೊಂಡು ಹೋಗಿದ್ದ ಕೈಲ್‌ನ ಬೂಟು."

ಮುಮ್ಮು ನಕ್ಕಳು. ಮೇಜು ಹಿಡಿದುಕೊಂಡು, ಕಣ್ಣೀರು ಬರುವಷ್ಟು. "ಆರ್ವೋ ರೇಡಿಯೋ ಒಣಗಿಸಿದ್ದ! ಅವರಪ್ಪ ಹಲ್ಲಿನ ಸೆಟ್ಟು! ಆ ಮುದುಕ ಸಾಯೋವರೆಗೂ ಓರೆ ನಗ್ತಿದ್ದ. ಹಾಗೇ ಬಿಸಿಗೆ ಮೆತ್ತಗಾಗಿ, ಬೂಟಿನ ಭಾರಕ್ಕೆ ನಿನ್ನ ಮ್ಯಾಗಜೀನೂ ಓರೆ ನಗ್ತಿದೆ ಅಷ್ಟೇ."

"ಬಗ್ಗಿಸಿ ಸರಿ ಮಾಡಬಹುದಾ?"

"ಬೆಂದ ಮಡಕೆ ಕಿವಿ ತಿರುಚೋಕಾಗುತ್ತಾ? ಹೊಸದು ತರಿಸು."

"ಅಂಗಡೀಲಿ ಇಲ್ಲ. ಟಪಾಲಲ್ಲಿ ಬರೋದು ಇಪ್ಪತ್ತಕ್ಕೆ." ಸೈಮಾ ಕಂಬಳಿ ಮಡಿಸತೊಡಗಿದಳು. ಇಪ್ಪತ್ತಕ್ಕೆ ಓಲಿಯನ್ನು ನೋಡಿಕೊಳ್ಳುವವರಿಲ್ಲ. ಇಪ್ಪತ್ತಕ್ಕೆ ಕಾಡಿನ ಜಿಂಕೆಗಳೆಲ್ಲ ಹೆದರಿ ಜೌಗಿನೊಳಗೆ ಸೇರಿರುತ್ತವೆ.

"ಕೂತ್ಕೋ. ನಾನು ಏಳು ಅಂದ್ನಾ?" ಮುಮ್ಮು ನಾಲ್ಕರ ಬದಲು ಮೂರು ತೋಟಾ ತುಂಬಿದಳು. ಐದು ಸಲದಲ್ಲಿ ಒಮ್ಮೆ ಸಿಕ್ಕಿಕೊಂಡಿತು. ಎರಡು ತುಂಬಿದಳು. ಸಿಕ್ಕಿಕೊಳ್ಳಲಿಲ್ಲ. ಮತ್ತೆ ಎರಡು. ಸಿಕ್ಕಿಕೊಳ್ಳಲಿಲ್ಲ. "ನಾಲ್ಕು ತುಂಬಿದ್ರೆ ಕೆಳಗಿನ ಸ್ಪ್ರಿಂಗು ಜೋರಾಗಿ ಒದೆಯುತ್ತೆ. ಸೋತ ತುಟಿ ತಡೆಯಲ್ಲ. ಎರಡಾದ್ರೆ ಒದೆತ ಮೆಲ್ಲಗೆ, ತುಟಿ ತಡಕೊಳ್ಳುತ್ತೆ. ಹೊಲಿಯೋವಾಗ ದಾರ ಕಿತ್ತುಹೋಗ್ತಿದ್ರೆ ನಾವು ದಾರ ಬದಲಾಯಿಸ್ತಿರಲಿಲ್ಲ, ಬಿಗಿ ಸಡಿಲ ಮಾಡ್ತಿದ್ವಿ."

"ಎರಡೇ ಗುಂಡು ಸಾಕಾ ಮುಮ್ಮು?"

"ಜಿಂಕೆಗೆ ಒಂದು. ನಿನ್ನ ಭಯಕ್ಕೆ ಒಂದು. ಮೂರನೇದು ಯಾರಿಗೆ?"

ಮುಮ್ಮು ನಲವತ್ತು ಸಲ ಎರಡೆರಡು ತುಂಬಿದಳು. ಸೈಮಾ ಎಣಿಸಿದಳು. ನಡುವೆ ಓಲಿಗೆ ಹಾಲು ಕುಡಿಸಿದಳು, ಬಟ್ಟೆ ಬದಲಿಸಿದಳು, ಎಣಿಕೆ ಮಾತ್ರ ಬಿಡಲಿಲ್ಲ. ಪ್ರತಿ ಸಲವೂ ಅದೇ ಚಕ್, ಟಪ್. ಮೂವತ್ತನೆಯದರ ಹೊತ್ತಿಗೆ ಓಲಿ ಅದಕ್ಕೇ ತಲೆಯಾಡಿಸುತ್ತ ನಿದ್ದೆಹೋದ. ಮಾರನೆಯ ದಿನ ಡಾರ್ಲೀನ್ ಕೆಲಸ ಮುಗಿಸಿ ಬಂದು ಗಾಡಿಯಲ್ಲಿ ಮಗುವಿನೊಂದಿಗೆ ಕೂತಿರುವಾಗ ಸೈಮಾ ಜಲ್ಲಿಗುಂಡಿಯಲ್ಲಿ ನಿಜವಾದ ತೋಟಾಗಳನ್ನು ಎರಡೆರಡಾಗಿ ಹತ್ತು ಸಲ ಹಾರಿಸಿದಳು. ಒಂದೂ ನಿಲ್ಲಲಿಲ್ಲ. ಮುಮ್ಮು ಪಕ್ಕದಲ್ಲಿ ನಿಂತು, ಕಿವಿ ಮುಚ್ಚಿಕೊಳ್ಳಬೇಕಾದ್ದರಿಂದ, ಬಂದೂಕಿನ ಹಿಡಿಯ ತುದಿಗೆ ಒಂದು ಬೆರಳು ತಾಗಿಸಿ ಕೇಳಿಸಿಕೊಂಡಳು.

ಹದಿನೈದರ ಬೆಳಿಗ್ಗೆ ಕಾಡು ಉಸಿರು ಹಿಡಿದಂತಿತ್ತು. ಸೈಮಾ ಕೋಟಿನ ಒಳಜೇಬಿನಲ್ಲಿದ್ದ, ಪಲ್ಯ ತುಂಬಿ ಬೇಯಿಸಿದ ಪ್ಯಾಸ್ಟಿ ಎಂಬ ಕಡುಬಿನ ಬಿಸಿಗೆ ಕೈ ಕಾಸಿಕೊಳ್ಳುತ್ತ ದೇವದಾರುಗಳ ನಡುವೆ ಕೂತಿದ್ದಳು. ಬೆಳಕು ಹರಿದು ಅರ್ಧ ತಾಸಿಗೆ, ಹಿಮದಿಂದಲೇ ಎದ್ದು ಬಂದಂತೆ ಒಂದು ಗಂಡುಜಿಂಕೆ ನಿಂತಿತು. ಅದರ ಕೊಂಬಿನ ಮೇಲೆ ಇಬ್ಬನಿ ಗಟ್ಟಿಯಾಗಿ ಹೊಳೆಯುತ್ತಿತ್ತು. ಒಂದು ಗಳಿಗೆ ಅವಳು ಏತಕ್ಕೆ ಬಂದಿದ್ದೇನೆಂಬುದನ್ನೇ ಮರೆತಳು. ಆಮೇಲೆ ಫ್ರೀಜರ್ ನೆನಪಾಯಿತು.

ಗುಂಡು ಹಾರಿತು. ಜಿಂಕೆ ಎರಡು ಹೆಜ್ಜೆ ನಡೆದು ಮಂಡಿಯೂರಿ ಮಲಗಿತು. ಸದ್ದೆಲ್ಲ ಮರಗಳೊಳಗೆ ಇಂಗಿಹೋದ ಮೇಲೆ ಸೈಮಾಳಿಗೆ ಹೊಳೆಯಿತು: ಗುಂಡಿನ ಆ ಆರ್ಭಟದ ಒಳಗೂ ತನ್ನ ಕೆನ್ನೆಯ ಎಲುಬಿಗೆ ಇನ್ನೊಂದು ಸದ್ದು ತಾಗಿತ್ತು. ಚಕ್, ಟಪ್. ಬಂದೂಕು ಖಾಲಿ ಮಾಡಿ, ಎರಡನೆಯ ತೋಟಾವನ್ನು ಜೇಬಿಗಿಳಿಸಿ, ಜಿಂಕೆಯ ಹತ್ತಿರ ಹೋಗಿ ಅದರ ಬೆಚ್ಚಗಿನ ಕತ್ತಿನ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟಳು.

ಮಧ್ಯಾಹ್ನ ಅವಳು ಜಿಂಕೆಯ ಗುಂಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಮುಮ್ಮುವಿಗೆ ಒಯ್ದಳು. ಮುಮ್ಮು ಪೊಟ್ಟಣವನ್ನು ತೂಗಿ ನೋಡಿ ಪಕ್ಕಕ್ಕಿಟ್ಟಳು. ಎಷ್ಟು ದೊಡ್ಡದು, ಕೊಂಬೆಷ್ಟು, ಒಂದನ್ನೂ ಕೇಳಲಿಲ್ಲ.

"ಎರಡನೇದು?"

ಸೈಮಾ ಜೇಬಿನಿಂದ ತೋಟಾ ತೆಗೆದು ಆ ಅಂಗೈಯಲ್ಲಿಟ್ಟಳು. ಮುಮ್ಮು ಹೆಬ್ಬೆರಳಿನಿಂದ ಅದರ ಮೂತಿಯನ್ನು ಸುತ್ತಲೂ ಸವರಿದಳು, ಹಸುಗೂಸಿನ ಒಸಡಿನಲ್ಲಿ ಹಲ್ಲು ಹುಡುಕುವ ಹಾಗೆ.

"ಗೀರಿಲ್ಲ," ಎಂದು ತಿರುಗಿ ಕೊಟ್ಟಳು. "ಇವತ್ತು ಶನಿವಾರ. ಸೌನಾದಲ್ಲಿ ಬೂಟು ಮಾತ್ರ ಒಣಗಿಸ್ಕೋ."