ಮೂರು ಸಾಲು ಹೊಲಿಗೆ

ಗಿರಾಕಿಗಳೆಲ್ಲ ಆ ದರ್ಜಿಯನ್ನು ಒಂದಿಂಚು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಯಾರು ಕೇಳಲಿ ಬಿಡಲಿ, ಪ್ಯಾಂಟಿನ ಹಿಂದಿನ ಹೊಲಿಗೆಯಲ್ಲಿ ಒಂದಿಂಚು ಬಟ್ಟೆಯನ್ನು ಒಳಗೆ ಮಡಚಿ ಬಿಡುವುದು ಅವನ ಪದ್ಧತಿ. "ಇವತ್ತಿನ ಹೊಟ್ಟೆ ನಾಳೆ ಇರಲ್ಲ ಸಾರ್, ಇನ್ನೂ ಮುಂದಕ್ಕೆ ಬಂದಿರತ್ತೆ" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಆ ಮಾತು ಸುಳ್ಳಾಗಿರಲಿಲ್ಲ. ಅದಕ್ಕೆ ಮೊದಲ ಸಾಕ್ಷಿ ಅವನದೇ ಹೊಟ್ಟೆ. ಬೆಲ್ಟ್ ಹಾಕುವವರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ನನ್ನ ದರ್ಜಿಗೆ ಕೆಲಸ ಬರುವುದಿಲ್ಲ ಎಂದು ಸೊಂಟಕ್ಕೆ ಬೋರ್ಡು ಕಟ್ಟಿಕೊಂಡಂತೆ ಅದು, ಎಂಬುದು ಅವನ ವಾದ.

ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಅಪ್ಪನಿಂದ ಬಂದ ಆಸ್ತಿ. ಅಂಗಡಿಯೂ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವೂ ಅಪ್ಪನವೇ. ಆ ಕಾಯಿಲೆ ಅಪ್ಪನನ್ನು ಮೊದಲು ಸೊರಗಿಸಿತು, ಆಮೇಲೆ ಪಾದ ಮರಗಟ್ಟಿಸಿತು, ಕೊನೆಗೆ ಬೆರಳಿನ ಒಂದು ಹುಣ್ಣಿನ ನೆಪದಲ್ಲಿ ಇಡೀ ಪಾದವನ್ನೇ ತೆಗೆದುಕೊಂಡು ಹೋಯಿತು. ತುಳಿಯುವ ಕಾಲು ಹೋದ ಮೇಲೆ ಯಂತ್ರಕ್ಕೆ ಬಟ್ಟೆ ಹೊದಿಸಿದವನು ಇವನೇ. ಆಗ ಇವನಿಗೆ ಇಪ್ಪತ್ತೆರಡು.

ಹೋದ ವರ್ಷ ಒಂದು ದಿನ ಅಂಗಡಿಯಿಂದ ಮನೆಗೆ ಬಂದಾಗ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಬೀದಿಯ ತಿರುವಿನಲ್ಲೇ ಕಳಚಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ಹೆಂಡತಿ ಹೋಗಿ ಚಪ್ಪಲಿ ತಂದು ಬಾಗಿಲ ಬಳಿ ಇಟ್ಟಳು.

ಮರುವಾರವೇ ಅವನು ದೊಡ್ಡಾಸ್ಪತ್ರೆಯ ಹಿಂದಿನ ಕಟ್ಟಡಕ್ಕೆ ಹೋಗಿ ಹೊಸ ಔಷಧದ ಅಧ್ಯಯನಕ್ಕೆ ಹೆಸರು ಕೊಟ್ಟ. ಅಲ್ಲಿನ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು.

"ಊಟ ಮಾಡಿದಾಗ ಕರುಳಲ್ಲಿ ಒಂದು ಹಾರ್ಮೋನು ಹುಟ್ಟತ್ತೆ. ಮಿದುಳಿಗೆ ಸಾಕು ಅನ್ನತ್ತೆ, ಸಕ್ಕರೆ ಇಳಿಸೋಕೆ ಸಹಾಯ ಮಾಡತ್ತೆ. ಆದ್ರೆ ಎರಡು ಮೂರು ನಿಮಿಷದಲ್ಲೇ ಕರಗಿ ಹೋಗತ್ತೆ. ಅದನ್ನೇ ಹೋಲೋ ಹಾಗೆ ಇದನ್ನ ಮಾಡಿದಾರೆ. ಇದು ಒಂದು ವಾರ ನಿಲ್ಲತ್ತೆ, ತೂಕಾನೂ ಇಳಿಸತ್ತೆ."

"ಅಂದ್ರೆ ಅದೇ ಕಟಿಂಗು, ಬಟ್ಟೆ ಮಾತ್ರ ಗಟ್ಟಿ" ಎಂದ ಮಾಸ್ಟರ್.

ಡಾಕ್ಟರಮ್ಮ ನಕ್ಕರು. "ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ. ಆದ್ರೆ ಒಂದು ಮಾತು. ಅರ್ಧ ಜನಕ್ಕೆ ಅಸಲಿ ಔಷಧ, ಅರ್ಧ ಜನಕ್ಕೆ ಬರೀ ನೀರಿನಂಥದ್ದು. ನಿಮಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ."

ತೂಕ ನೋಡುವಾಗಲೂ ನರ್ಸಮ್ಮ ಯಂತ್ರದ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ರಕ್ತದ ಲೆಕ್ಕವೂ ಅಧ್ಯಯನ ಮುಗಿಯುವ ತನಕ ಗುಟ್ಟು, ಹೊರಗೆಲ್ಲೂ ಪರೀಕ್ಷೆ ಮಾಡಿಸುವಂತಿಲ್ಲ. ಅಪಾಯ ಕಂಡರೆ ಮಾತ್ರ ಫೋನು. ಹಳೆಯ ಮಾತ್ರೆಗಳು ಎಂದಿನಂತೆ. ಔಷಧ ಇನ್ನೂ ಯಾವ ಅಂಗಡಿಗೂ ಬಂದಿರಲಿಲ್ಲ. ನಡುವೆ ಬಿಟ್ಟವರಿಗೆ ಮತ್ತೆ ಪ್ರವೇಶವೂ ಇರಲಿಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆಯ ಮಡಿಕೆ ಹಿಡಿದು ಇಂಜೆಕ್ಷನ್ ಚುಚ್ಚಿಕೊಳ್ಳುವುದು ಮಾಸ್ಟರಿಗೆ ಏನೇನೂ ಕಷ್ಟವಾಗಲಿಲ್ಲ. ಜೀವಮಾನವೆಲ್ಲ ಸೂಜಿಯ ಜೊತೆ ಸಂಸಾರ ಮಾಡಿದವನು. ಕಷ್ಟವಾದದ್ದು ಕಾಯುವುದು. ಐದು ತಿಂಗಳಾದರೂ ಅವನ ದಿನಬಳಕೆಯ ಎರಡು ಪ್ಯಾಂಟುಗಳೂ ಸೊಂಟಕ್ಕೆ ಮೊದಲಿನ ಹಾಗೇ ಅಂಟಿಕೊಂಡು ಕೂತಿದ್ದವು. ಒಂದು ದಾರದಷ್ಟೂ ಸಡಿಲವಿಲ್ಲ. ಅಧ್ಯಯನಕ್ಕೆ ಬರುತ್ತಿದ್ದ ಬಸ್ ಡ್ರೈವರೊಬ್ಬ ತನ್ನ ಬೆಲ್ಟಿಗೆ ಹೊಸದಾಗಿ ಕೊರೆಸಿದ ತೂತು ತೋರಿಸಿದಾಗ ಮಾಸ್ಟರಿಗೆ ಹೊಟ್ಟೆ ಉರಿದುಹೋಯಿತು. ಈಚೆಗೆ ಅರ್ಧ ತಟ್ಟೆಗೇ ಸಾಕಾಗುತ್ತಿತ್ತು ನಿಜ. ಅದು ಚಿಂತೆಯಿಂದ ಎಂದುಕೊಂಡ. ಅಳತೆಯ ಟೇಪು ಸುಳ್ಳು ಹೇಳಬಹುದು, ಬಟ್ಟೆ ಹೇಳುವುದಿಲ್ಲ ಎಂದು ನಂಬಿದವನಿಗೆ ಪ್ಯಾಂಟೇ ತೀರ್ಪು ಕೊಟ್ಟಿತ್ತು: ತನಗೆ ಸಿಕ್ಕಿದ್ದು ನೀರು.

ಭಯ ಮತ್ತೆ ಬಂದು ಪಾದದಲ್ಲಿ ಕೂತಿತು. ಸಂಜೆ ಹೊತ್ತು ಎಡಪಾದವನ್ನು ಮಡಿಲಿಗೆಳೆದು ಒತ್ತಿ ಒತ್ತಿ ನೋಡುತ್ತಿದ್ದ. ನೀರು ಚುಚ್ಚಿಕೊಂಡು ಕೂತರೆ ಅಪ್ಪನ ಗತಿಯೇ ಗತಿ. ಬಿಟ್ಟುಬಿಟ್ಟು ಬೇರೆ ಚಿಕಿತ್ಸೆ ಹಿಡಿಯುವುದೇ ಸರಿ ಎಂದು ನಿರ್ಧರಿಸಿ ಉಳಿದ ಇಂಜೆಕ್ಷನ್ನಿನ ಡಬ್ಬಿಯನ್ನು ಚೀಲಕ್ಕೆ ಹಾಕಿದ.

ಬೇಡ ಎನ್ನಲು ಹೋಗುವಾಗಲಾದರೂ ಮರ್ಯಾದೆಯಾಗಿ ಹೋಗಬೇಕಲ್ಲ. ಮಗಳ ಮದುವೆಗೆ ಹೊಲಿದುಕೊಂಡಿದ್ದ ಒಳ್ಳೆಯ ಪ್ಯಾಂಟನ್ನು ಬೀರುವಿನಿಂದ ತೆಗೆದು ಹಾಕಿಕೊಂಡ. ಗುಂಡಿ ಹಾಕಿದ. ಶರಟು ತೆಗೆದುಕೊಳ್ಳಲು ಕೈ ಎತ್ತಿದ್ದೇ ತಡ, ಪ್ಯಾಂಟು ಸರ್ರನೆ ಪಾದಕ್ಕೆ ಬಿತ್ತು.

"ಲೇ, ಬಾ ಇಲ್ಲಿ! ಈ ಪ್ಯಾಂಟನ್ನ ಯಾರು ಬಿಚ್ಚಿ ದೊಡ್ಡದು ಮಾಡಿದ್ದು?"

ಹೆಂಡತಿ ಬಾಗಿಲಲ್ಲಿ ನಿಂತಳು. ನಗಬೇಕಾದ ದೃಶ್ಯ, ಅವಳು ನಗಲಿಲ್ಲ. "ಅದನ್ನ ಯಾರೂ ಮುಟ್ಟಿಲ್ಲ ರೀ. ಮುಟ್ಟಿದ್ದು ಆ ಇನ್ನೆರಡನ್ನ."

ಅಂಗಡಿಯ ಕೈಹೊಲಿಗೆ, ಕಾಜಾ, ಗುಂಡಿ ಎಲ್ಲ ಅವಳದೇ ಕೆಲಸ. ಮಾಸ್ಟರ್ ಹಗ್ಗದ ಮೇಲಿದ್ದ ಹಳೆಯ ಪ್ಯಾಂಟನ್ನು ಎಳೆದು ಒಳಮೈ ಹೊರಗೆ ಮಾಡಿದ. ಸೊಂಟದ ಹಿಂಭಾಗದಲ್ಲಿ ಸ್ವಲ್ಪ ಎಡಕ್ಕೆ ವಾಲುವ ಅವಳ ಸಣ್ಣ ಹೊಲಿಗೆ. ಸಾವಿರ ಹೊಲಿಗೆಯ ನಡುವೆ ಇಟ್ಟರೂ ಅವನು ಅದನ್ನು ಗುರುತಿಸುತ್ತಿದ್ದ. ಅದರ ಪಕ್ಕದಲ್ಲಿ, ದಾರ ಬಿಚ್ಚಿದ ಮೇಲೆ ಉಳಿದ ಬರೀ ತೂತುಗಳ ಸಾಲು. ಅದರಾಚೆ ಇನ್ನೊಂದು. ಮೂರು ಸಲ ಹಿಡಿದು ಹೊಲಿದಿದ್ದಾಳೆ. ಟೇಪು ಹಿಡಿದ: ಮೂರೂಕಾಲು ಇಂಚು! ಊರವರ ಹೊಲಿಗೆಯಲ್ಲೆಲ್ಲ ಕೊಂಕು ಹುಡುಕುವ ಮಹಾಶಯ ತನ್ನ ಪ್ಯಾಂಟಿನ ಒಳಗೆ ಒಮ್ಮೆಯೂ ಇಣುಕಿರಲಿಲ್ಲ.

"ಹಾಗಾದ್ರೆ ನೀರಲ್ಲ ಕಣೇ! ಅಸಲಿ!" ಎಂದು ಕುಣಿಯಲು ಹೋದವನು ಅವಳ ಮುಖ ನೋಡಿ ನಿಂತ. ಅವಳು ಅಳುತ್ತಿದ್ದಳು.

"ಮಾವನವರೂ ಹೀಗೇ ಸೊರಗಿದ್ದು ರೀ. ಮೊದಲು ಅವರ ಪ್ಯಾಂಟು ಸಡಿಲ ಆಯ್ತು. ಆಮೇಲೆ ಕಾಲು... ನಿಮ್ಮ ಪ್ಯಾಂಟು ಜಾರೋದು ನೋಡಿ ನನ್ನ ಜೀವವೇ ಬಾಯಿಗೆ ಬಂತು. ಗೊತ್ತಾದ್ರೆ ಹೆದರಿಬಿಡ್ತೀರಿ ಅಂತ ಸಡಿಲ ಆದಾಗೆಲ್ಲ ತೊಳೆಯೋ ನೆಪದಲ್ಲಿ ಹಿಡಿದು ಹೊಲಿದೆ."

ಮಾಸ್ಟರಿನ ಕುಣಿತ ಅಲ್ಲೇ ಇಳಿಯಿತು. ಹೌದಲ್ಲ! ಔಷಧವೂ ಮೈ ಇಳಿಸುತ್ತದೆ, ಕಾಯಿಲೆಯೂ ಇಳಿಸುತ್ತದೆ. ಅರ್ಧ ತಟ್ಟೆ ಊಟವೂ ಯಾವುದರ ಕೆಲಸವೋ. ಹೊಲಿಗೆ ನೋಡಿ ಅದನ್ನು ಹೇಳುವಷ್ಟು ವಿದ್ಯೆ ಅವನಿಗಿರಲಿಲ್ಲ.

ಇಬ್ಬರೂ ಬಸ್ಸು ಹತ್ತಿದರು. ಮೊಂಡ ಮನುಷ್ಯ ಒಳ್ಳೆಯ ಪ್ಯಾಂಟನ್ನೇ ಹಾಕಿದ್ದ, ಆದರೆ ಬೆಲ್ಟಿಗೆ ಒಪ್ಪಲಿಲ್ಲ. ದಾರಿಯುದ್ದಕ್ಕೂ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ.

ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡರು. "ಸಕ್ಕರೆ ಏರಿ ಮೈ ಕರಗ್ತಾ ಇದ್ದಿದ್ರೆ ಲ್ಯಾಬಿನವರು ಯಾವತ್ತೋ ಫೋನ್ ಮಾಡ್ತಿದ್ರು. ಬಂದಿತ್ತಾ?"

"ಇಲ್ಲ" ಎಂದಳು ಹೆಂಡತಿ. ಆದರೂ ಅವಳ ಮುಖ ಸಡಿಲವಾಗಲಿಲ್ಲ. ಅದನ್ನು ಕಂಡು ಡಾಕ್ಟರಮ್ಮ ಮೇಲಿನವರಿಗೆ ಫೋನು ಮಾಡಿ, ಅನುಮತಿ ಪಡೆದು, ಮಾಸ್ಟರಿನ ಬೆರಳಿನಿಂದ ಒಂದು ಹನಿ ರಕ್ತ ತೆಗೆದರು. ಪುಟ್ಟ ಯಂತ್ರವನ್ನು ನೇರ ಹೆಂಡತಿಯ ಕೈಗೇ ಕೊಟ್ಟರು. ನೂರಾ ಇಪ್ಪತ್ತೆರಡು. ಇನ್ನೂರೈವತ್ತರ ಕೆಳಗಿನ ಅಂಕಿಯನ್ನು ಅವಳು ನೋಡಿ ಎಷ್ಟೋ ಕಾಲವಾಗಿತ್ತು. "ಯಂತ್ರ ಸರಿಯಾಗಿದೆಯಾ?" ಎಂದು ಕೇಳಿಯೇಬಿಟ್ಟಳು.

ಆಮೇಲೆ ಮಾಸ್ಟರ್ ಕಣ್ಣು ಮುಚ್ಚಿ ಮಲಗಿದ. ನರ್ಸಮ್ಮ ನೈಲಾನಿನ ಎಳೆಯೊಂದರಿಂದ ಅವನ ಎಡಪಾದವನ್ನು ಹತ್ತು ಕಡೆ ಮುಟ್ಟಿದಳು. ತಿಳಿದಾಗಲೆಲ್ಲ ಅವನು "ಈಗ" ಎನ್ನಬೇಕು. ಹೆಂಡತಿ ಬೆರಳು ಮಡಚುತ್ತ ಎಣಿಸಿದಳು. ಈಗ. ಈಗ. ಒಮ್ಮೆ ತುಂಬ ಹೊತ್ತು ಸದ್ದಿಲ್ಲ. ಅವಳ ಬೆರಳು ಮಡಚದೆ ನಿಂತಿತು. ಮತ್ತೆ, ಈಗ.

"ಹತ್ತಕ್ಕೆ ಏಳು" ಎಂದರು ಡಾಕ್ಟರಮ್ಮ, ಕಡತ ತಿರುವುತ್ತ. "ಸೇರಿದ ದಿನವೂ ಏಳೇ. ಹೋದದ್ದು ಪೂರ್ತಿ ವಾಪಸ್ ಬರತ್ತೆ ಅಂತ ನಾನು ಹೇಳಲ್ಲ. ಆದ್ರೆ ಹೊಸದಾಗಿ ಒಂದೂ ಹೋಗಿಲ್ಲ."

ಹೆಂಡತಿ ಮಡಚಿದ ಬೆರಳುಗಳನ್ನು ಬಿಡಿಸಲೇ ಇಲ್ಲ, ಹಾಗೇ ಎದೆಗೆ ಒತ್ತಿಕೊಂಡಳು. ಚೀಲದಲ್ಲಿದ್ದ ಡಬ್ಬಿ ಬಂದ ಹಾಗೇ ಮನೆಗೆ ವಾಪಸಾಯಿತು. ಏಳು ತಿಂಗಳ ನಂತರ ಗುಟ್ಟು ಬಿಚ್ಚಿದಾಗ ಅಸಲಿಯೇ ಎಂದು ಗೊತ್ತಾಯಿತು, ಅದು ಆಮೇಲಿನ ಮಾತು.

ಅಂದು ಮಧ್ಯಾಹ್ನ ಮಾಸ್ಟರ್ ಒಳ್ಳೆಯ ಪ್ಯಾಂಟಿನ ಹೊಲಿಗೆ ಬಿಚ್ಚಿ, ಹೊಸ ಅಳತೆಗೆ ಗುರುತು ಹಾಕಿ, ಒಳಗೆ ಮಡಚಿಟ್ಟಿದ್ದ ಆ ಒಂದಿಂಚಿಗೂ ಸೇರಿಸಿ ಕತ್ತರಿ ಇಟ್ಟ.

"ರೀ, ಅದು ಇರಲಿ ಬಿಡಿ! ಮತ್ತೆ ದಪ್ಪ ಆದ್ರೆ?"

"ಆದಾಗ ನೋಡೋಣ" ಎಂದು ಕತ್ತರಿಸಿಯೇಬಿಟ್ಟ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಯಂತ್ರದ ಮುಂದೆ ಕೂತು, ಎಡಗಾಲಿನ ಚಪ್ಪಲಿ ಕಳಚಿ, ಬರಿ ಪಾದವನ್ನು ತುಳಿಯುವ ಪಟ್ಟಿಯ ಮೇಲಿಟ್ಟ.

"ತಣ್ಣಗಿದೆ ಕಣೇ."

"ಏನು?"

"ಕಬ್ಬಿಣ."

ಅವಳು ಹತ್ತಿರ ಬಂದು ಅವನ ಪಾದವನ್ನು ನೋಡಿದಳು. ಆಮೇಲೆ ಚಪ್ಪಲಿಯನ್ನು ಕಾಲಿನಿಂದಲೇ ಅವನ ಕಡೆಗೆ ತಳ್ಳಿ, "ಗೊತ್ತಾಯ್ತಲ್ಲ, ಸಾಕು. ಹಾಕ್ಕೊಳ್ಳಿ" ಎಂದಳು.