ಗಿಡದ ಮೇಲೆ ಉಳಿದ ಕರಡಿ

ದೇಶನೂರಿನಲ್ಲಿ ನಾನು ಮೂರನೇ ತರಗತಿಗೆ ಕಲಿಸುತ್ತಿದ್ದೆ. ಈರಮ್ಮ ಎಂಬ ಹುಡುಗಿ ಅಕ್ಷರ ಕೂಡಿಸಿ ಓದುತ್ತ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆಯುತ್ತಿದ್ದಳು. ಮಕ್ಕಳು ನಗುತ್ತಾರೆಂದು ಕಡೆಗೆ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. "ಮನೆಯಲ್ಲಿ ಅಜ್ಜಿಗೆ ಓದಿ ಹೇಳು" ಎಂದು ಬೀರುವಿನಿಂದ ಒಂದು ಕಥೆಪುಸ್ತಕ ತೆಗೆದುಕೊಟ್ಟೆ.

ನಾಲ್ಕನೇ ದಿನ ಅಜ್ಜಿಯೇ ಪುಸ್ತಕ ಹಿಡಿದು ಸಾಲೆಗೆ ಬಂದರು.

"ಅಕ್ಕೋರೆ, ಕರಡಿ ಗಿಡ ಹತ್ತಿ ಕುಂತೈತಿ. ಮುಂದಿನ ಹಾಳಿನೇ ಇಲ್ಲ. ಅದು ಕೆಳಗ ಇಳೀತೋ ಇಲ್ಲೋ ಹೇಳ್ರಿ."

ಆ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ. ತಲೆ ತಗ್ಗಿಸಿ ಹಾಗೆಯೇ ಹೇಳಿದೆ.

"ನೀವ ಓದಿಲ್ಲಂದ್ರ ಕೂಸಿಗೆ ಹೆಂಗ ಕೊಟ್ರಿ?"

"ನಾ ಹೇಳ್ತೀನಿ ಅಜ್ಜಿ" ಎಂದು ಈರಮ್ಮ ಎದ್ದಳು. ಉಳಿದಿದ್ದ ಕೊನೆಯ ಪುಟವನ್ನು ಎಲ್ಲರೆದುರು ತಡೆತಡೆದು ಓದಿದಳು. ಪುಟ ಮುಗಿದರೂ ನಿಲ್ಲಲಿಲ್ಲ. ಗಿಡದ ಕೆಳಗೆ ಭತ್ತದ ಹುಲ್ಲು ಒಟ್ಟಿಸಿ, ಕರಡಿಯನ್ನು ಅದರ ಮೇಲೆ ಧುಮುಕಿಸಿದಳು. ಮಕ್ಕಳು ನಕ್ಕರು, ಕರಡಿಯನ್ನು ನೆನೆದು. ಅವಳೂ ನಕ್ಕಳು.

"ಇನ್ನೊಂದು ಪುಸ್ತಕ ಕೊಡ್ರಿ" ಎಂದರು ಅಜ್ಜಿ.

ಅಂದಿನಿಂದ ಬೀರುವಿನ ಪ್ರತಿ ಪುಸ್ತಕವನ್ನೂ ಮೊದಲು ನಾನು ಪೂರ್ತಿ ಓದಿ ಆಮೇಲೆ ಕೊಡುತ್ತಿದ್ದೆ. ಆ ಅಜ್ಜಿಗೆ ಹೆದರಿದಷ್ಟು ತನಿಖೆಗೆ ಬರುವ ಸಾಹೇಬರಿಗೂ ನಾನು ಹೆದರಿದವಳಲ್ಲ.