ಎರಡು ಸಲ ಕರಿದ ಬಟಾಟೆ

ಹೇಳಬೇಕು, ಹೇಳಬೇಕು ಎಂದುಕೊಂಡು ವರ್ಷಗಟ್ಟಲೆ ಮುಂದೂಡಿದ ಮಾತೊಂದನ್ನು ಇವತ್ತು ಬರೆಯಲು ಕೂತಿದ್ದೇನೆ. ಧೈರ್ಯ ಬಂದದ್ದರಿಂದಲ್ಲ, ಅಡುಗೆಮನೆಯ ತಟ್ಟೆಯಲ್ಲಿ ಒಮ್ಮೆ ಕರಿದ ಬಟಾಟೆಯ ಕಡ್ಡಿಗಳು ಆರುತ್ತಿರುವುದರಿಂದ. ಅವು ಪೂರ್ತಿ ಆರುವ ತನಕ ಎರಡನೆಯ ಸಲ ಎಣ್ಣೆಗೆ ಬಿಡುವಂತಿಲ್ಲ, ಅಲ್ಲಿಯ ತನಕ ನನಗೆ ಬೇರೆ ಕೆಲಸವೂ ಇಲ್ಲ. ತಟ್ಟೆಯ ಪಕ್ಕದಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ. ಅದು ನಮ್ಮದಲ್ಲ.

ಮುಂಬಯಿಯ ಗೋರೆಗಾಂವಿನ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದಾಗಿ ಕಟ್ಟುತ್ತಾರಂತೆ. ಈ ತಿಂಗಳ ಕೊನೆಗೆ ನಾವೆಲ್ಲ ಖಾಲಿ ಮಾಡಿ, ಒಬ್ಬರು ಕಾಂದಿವಲಿಗೆ ಒಬ್ಬರು ವಿರಾರಿಗೆ ಎಂದು ಬಾಡಿಗೆ ಮನೆಗಳಿಗೆ ಚದುರುವವರು. ಪಾತ್ರೆಗಳೆಲ್ಲ ರಟ್ಟಿನ ಪೆಟ್ಟಿಗೆ ಸೇರಿದವು; ಈ ಡಬ್ಬಿಯನ್ನು ಮಾತ್ರ ನನ್ನ ಹೆಂಡತಿ ಪ್ರತಿ ಸಲ ಹೊರಗೆ ತೆಗೆದು ನನ್ನ ಕಣ್ಣಿಗೆ ಬೀಳುವ ಕಡೆ ಇಡುತ್ತಿದ್ದಳು. ಇದು ಎದುರು ಮನೆಯಾಕೆಯದು. ಬಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಚಿಟಿಕೆ ಸಕ್ಕರೆಯನ್ನಾದರೂ ಹಾಕಿಕೊಡಬೇಕು. ತುಂಬಿಸಿ ಕೊಡುವ ಮುಖ ನನಗಿರಲಿಲ್ಲ. ಹೀಗಾಗಿ ನಡುವೆ ಒಂದು ಪ್ಯಾಸೇಜಷ್ಟೇ ಇದ್ದರೂ ಡಬ್ಬಿ ಇಲ್ಲೇ ಉಳಿಯಿತು.

ನಾನು ಮೆಟ್ರಿಕ್ ಮುಗಿಸಿ ಬೆಳಗಾವಿಯ ಕಡೆಯಿಂದ ಬಂದವನು. ಫೋರ್ಟಿನ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂತೇ ನನ್ನ ತಲೆ ನರೆಯಿತು. ಬೆಳಗಿನಲ್ಲಿ ಉಳಿದ ಬೋಂಡಾಗಳು ಸಂಜೆ ಆಫೀಸು ಬಿಡುವ ಹೊತ್ತಿಗೆ ಮತ್ತೊಮ್ಮೆ ಎಣ್ಣೆಯಲ್ಲಿ ಮಿಂದು ಹೊಸ ಜನ್ಮವೆತ್ತಿ ಬರುವುದನ್ನು ನಾನು ದಿನವೂ ನೋಡುತ್ತಿದ್ದೆ. ಗಿರಾಕಿ ಕೇಳಿದರೆ "ಗರಮಾಗರಂ ಹೈ ಸಾಬ್" ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಗರಮೇ ಇರುತ್ತಿತ್ತು.

ನವರಾತ್ರಿಯಲ್ಲಿ ನಮ್ಮ ಸೊಸೈಟಿಯ ಅಂಗಳದಲ್ಲಿ ಆನಂದ ಮೇಳ ನಡೆಯುತ್ತದೆ. ಮನೆಮನೆಯವರೂ ಒಂದೊಂದು ಟೇಬಲ್ ಹಾಕಿ, ಒಂದೊಂದು ತಿಂಡಿ ಮಾಡಿ ಮಾರುತ್ತಾರೆ. ಕೆಲವು ವರ್ಷಗಳ ಹಿಂದೆ ಒಮ್ಮೆ ಎದುರು ಮನೆಯಾಕೆಯೂ ಟೇಬಲ್ ಹಾಕಿದಳು. ಧಾರವಾಡದ ಹೆಣ್ಣುಮಗಳು, ನಕ್ಕರೆ ಲಿಫ್ಟಿನ ಒಳಗೂ ಕೇಳುತ್ತಿತ್ತು. ಮೇಳದಲ್ಲಿ ಜನ ಮೆಚ್ಚಿದರೆ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಅಂಗಡಿ ತೆರೆಯುವುದೆಂದು ಗಂಡನನ್ನು ಒಪ್ಪಿಸಿದ್ದಳು. ಕೆಳಗೆ ಹೋಗುವ ಮುನ್ನ ಈ ಡಬ್ಬಿ ತುಂಬ ಫಿಂಗರ್ ಚಿಪ್ಸ್ ತಂದುಕೊಟ್ಟು, "ಕಾಕಾರ, ತಿಂದು ನೋಡ್ರಿ. ಸಪ್ಪಳ ಬರಬೇಕು. ಬರಲಿಲ್ಲಂದ್ರ ಬೈರಿ" ಎಂದಳು. ಸಪ್ಪಳ ಬಂತು. ಹೆಂಡತಿಗೆ ತಳದ ಪುಡಿ ಮಾತ್ರ ಉಳಿಸಿ, ಬಾಯಿ ಒರೆಸಿಕೊಂಡು, ನಾನೂ ಕೆಳಗಿಳಿದೆ.

ಮೇಳ ಆಗಷ್ಟೇ ಶುರುವಾಗಿತ್ತು, ಆಕೆಯ ಮುಂದೆ ಸಾಲು ನಿಂತಿತ್ತು. ಆಕೆ ಅಗಲ ತಟ್ಟೆಯಂಥ ಪರಾತದಿಂದ, ಆಗಲೇ ಕರಿದು ತಣ್ಣಗಾಗಿ ಬಿಳಿಚಿಕೊಂಡ ಕಡ್ಡಿಗಳನ್ನು ಹಿಡಿಹಿಡಿಯಾಗಿ ಮತ್ತೆ ಎಣ್ಣೆಗೆ ಬಿಡುತ್ತಿದ್ದಳು. ಗಲ್ಲಾದ ಮೇಲೆ ಗಳಿಸಿದ ನನ್ನ ಅನುಭವವೆಲ್ಲ ಎದ್ದು ನಿಂತಿತು.

"ಏನವ್ವಾ, ಉಳಿದದ್ದನ್ನ ಮತ್ತ ಕರದು ಕೊಡ್ತೀಯಲ್ಲಾ? ಹೋಟೆಲ್‌ದಾಗ ಕುಂತಾಂವಗ ಇದು ತಿಳಿಯೂದಿಲ್ಲೇನು?"

"ಹಂಗಲ್ಲರೀ ಕಾಕಾರ, ಇದನ್ನ ಮಾಡೂದ ಹಿಂಗ..."

"ಎಲ್ಲಾ ಗೊತ್ತೈತಿ ತಗೋ."

ಕನ್ನಡ ಬಾರದವರಿಗೆ ಅನ್ಯಾಯವಾಗಬಾರದೆಂದು, ಹಳಸಿದ್ದೆಂಬುದನ್ನು "ಬಾಸೀ ಹೈ, ಬಾಸೀ!" ಎಂದು ಹಿಂದಿಯಲ್ಲೂ ಹೇಳಿದೆ. ಯಾರೋ ನಕ್ಕರು. ಒಬ್ಬರು ಪ್ಲೇಟು ಹಿಂದೆ ಇಟ್ಟರು. ಸಾಲು ಮೆಲ್ಲಗೆ ಪಾವ್‌ಭಾಜಿಯ ಟೇಬಲ್ಲಿನ ಕಡೆ ತಿರುಗಿಕೊಂಡಿತು. ಆಕೆ ಗ್ಯಾಸ್ ಆರಿಸಿ, ಪರಾತದ ಮೇಲೆ ಬಟ್ಟೆ ಮುಚ್ಚಿದಳು.

ಲಿಫ್ಟಿನಲ್ಲಿ ಮೇಲೆ ಬರುವಾಗಲೇ ನನಗೆ ಹೊಳೆಯಿತು: ಆಗಷ್ಟೇ ಶುರುವಾದ ಮೇಳದಲ್ಲಿ ಉಳಿದದ್ದು ಎಲ್ಲಿಂದ ಬರಬೇಕು? ನಮ್ಮ ಮಹಡಿ ಬರುವಷ್ಟರಲ್ಲಿ ಆ ಪ್ರಶ್ನೆಯನ್ನು ಅದುಮಿಬಿಟ್ಟೆ. ಅಂಗಡಿಯ ಮಾತು ಮತ್ತೆ ಏಳಲಿಲ್ಲ. ಅಂದಿನಿಂದ ಲಿಫ್ಟಿನಲ್ಲಿ ನಾನಿದ್ದರೆ ಆಕೆ "ನೀವು ಹೋಗ್ರಿ" ಎಂದು ಮೆಟ್ಟಿಲು ಹತ್ತುತ್ತಾಳೆ. ಆಕೆಯ ಮಂಡಿನೋವಿಗೆ ಡಾಕ್ಟರು ಬೇರೆ ಕಾರಣ ಹೇಳಿರಬಹುದು.

ಕಳೆದ ಭಾನುವಾರ ಮೊಮ್ಮಗಳು ಬಂದು ಫ್ರೆಂಚ್ ಫ್ರೈಸ್ ಬೇಕೆಂದಳು. ಹೋಟೆಲಿನಲ್ಲಿ ಇದ್ದವನೆಂಬ ಗತ್ತಿನಿಂದ ನಾನೇ ಹೆಚ್ಚಿ, ಕರಿದು ಕೊಟ್ಟೆ. ಅವಳು ಒಂದನ್ನು ಎತ್ತಿ ಹಿಡಿದಳು. ಅದು ನಡುವಿನಲ್ಲಿ ಬಾಗಿ ನನಗೆ ನಮಸ್ಕಾರ ಮಾಡಿತು. "ಅಜ್ಜಾ, ಯೇ ಫ್ರೈಸ್ ನಹೀ, ಪಲ್ಯಾ ಹೈ" ಎಂದಳು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತದೆಯೇ ಹೇಳಿದಳು: "ಹೆಚ್ಚಿದ ಮ್ಯಾಲೆ ನೀರಾಗ ನೆನಸಿ, ಒರಸಬೇಕಿತ್ತು. ಈಗ ಆರಲಿಕ್ಕೆ ಬಿಡ್ರಿ, ಆಮ್ಯಾಲೆ ಉರಿ ಜೋರ ಮಾಡಿ ಇನ್ನೊಮ್ಮೆ ಕರೀರಿ. ಮೊದಲನೇದು ಒಳಗ ಬೇಯಾಕ, ಎರಡನೇದು ಹೊರಗ ಗರಿ ಆಗಾಕ."

"ಯಾರು ಹೇಳಿದ್ರು ನಿನಗ?"

"ಎದುರು ಮನಿಯಾಕಿ. ಆವತ್ತೇ."

"ಮತ್ತ ನನಗ್ಯಾಕ ಹೇಳ್ಲಿಲ್ಲ?"

"ನೀವು ಹೇಳಾಕತ್ತಿದ್ರಿ. ನಾ ಎಲ್ಲಿ ಹೇಳ್ಲಿ?"

ಎರಡನೆಯ ಸಲ ಕರಿದದ್ದನ್ನು ಮೊಮ್ಮಗಳು ಕಟಕಟನೆ ತಿಂದಳು. ಆ ಸಪ್ಪಳವನ್ನು ನಾನು ಹಿಂದೆ ಕೇಳಿದ್ದೆ, ನನ್ನದೇ ಬಾಯಲ್ಲಿ.

ಮಿತ್ರರೇ, ಒಂದು ಮಾತನ್ನು ಆಡಲು ತಕ್ಕ ಜಾಗವೊಂದಿರುತ್ತದೆ. ಹೋಟೆಲಿನಲ್ಲಿ ಹಳಸಿದ್ದನ್ನು ಕರಿದು ಕೊಟ್ಟಾಗಲೆಲ್ಲ ಮಾಲೀಕನ ಮುಂದೆ ಬಾಯಿ ಮುಚ್ಚಿಕೊಂಡಿದ್ದವನು, ಅದು ಹಳಸದ ಒಂದೇ ಒಂದು ಕಡೆ, ತಿರುಗಿ ಮಾತಾಡದ ಒಬ್ಬಳೆದುರು ಬಾಯಿ ತೆರೆದೆ. ಅಷ್ಟು ವರ್ಷ ಉಳಿದುಹೋಗಿದ್ದ ನನ್ನ ಪ್ರಾಮಾಣಿಕತೆಯನ್ನು ಅವತ್ತು ಮತ್ತೆ ಬಿಸಿ ಮಾಡಿ ಬಡಿಸಿದವನು ನಾನು. ಬಾಸಿಯಾಗಿದ್ದದ್ದು ಅದು.

ಈಗ ಮುಟ್ಟಿ ನೋಡಿದೆ, ಆರಿವೆ. ಇನ್ನು ಉರಿ ಜೋರು ಮಾಡಬೇಕು. ಡಬ್ಬಿಗೆ ಹಾಕಿದ ಮೇಲೆ ಮುಚ್ಚಳ ಹಾಕಬಾರದು, ಹಾಕಿದರೆ ತಮ್ಮದೇ ಹಬೆಗೆ ಮೆತ್ತಗಾಗುತ್ತವೆ ಎಂದು ಹೆಂಡತಿ ಎಚ್ಚರಿಸಿದ್ದಾಳೆ. ಮುಚ್ಚಿಟ್ಟರೆ ಏನಾಗುತ್ತದೆಂದು ನನಗೆ ಬೇರೆ ಹೇಳಬೇಕಿಲ್ಲ. ಎದುರು ಬಾಗಿಲಿನ ಫಲಕದ ಮೇಲೆ ಇರುವುದು ಆಕೆಯ ಗಂಡನ ಹೆಸರು. ಆಕೆಯ ಹೆಸರು ಇರುವುದು ಈ ಡಬ್ಬಿಯ ಮೇಲೆ, ತವರಿನವರು ಚುಕ್ಕೆಚುಕ್ಕೆಯಾಗಿ ಕೊರೆಸಿ ಕೊಟ್ಟದ್ದು. ಎರಡು ಸಲ ಕರಿದಳೆಂದು ಊರಿಗೆಲ್ಲ ಸಾರಿದ ನಾನು ಆಕೆಯನ್ನು ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ. ಇಲ್ಲಿಯೂ ಇಷ್ಟು ಹೊತ್ತು ಎದುರು ಮನೆಯಾಕೆ ಎಂದೇ ನುಣುಚಿಕೊಂಡೆ. ಬೆಲ್ ಒತ್ತಿ, ಬಾಗಿಲು ತೆರೆದರೆ, ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ:

"ತಪ್ಪಾತು, ಸುಮಂಗಲಾ. ತಿಂದು ನೋಡು. ಸಪ್ಪಳ ಬಂದ್ರೂ ಬೈ."